ಪುರಾಣವೂ ಕಾದಂಬರಿಯೂ

ಮತಾಚಾರ್ಯರ ಚರಿತೆಯನ್ನು ಮೊದಲು ಬರೆದವರು ಚರಿತ್ರಕಾರರಲ್ಲ, ಭಕ್ತರು. ಯೇಸುವಿನ ನಾಲ್ಕು ಸುವಾರ್ತೆಗಳೂ ಅವನ ಮರಣವಾಗಿ ಹಲವು ದಶಕಗಳು ಕಳೆದ ಮೇಲೆ ಹುಟ್ಟಿದುವು. ಅವುಗಳಲ್ಲಿಲ್ಲದ ಮನೋವ್ಯಥೆಯನ್ನು ಯೇಸುವಿಗೆ ಕಲ್ಪಿಸಿದ ಗ್ರೀಕ್ ಲೇಖಕ ಕಜಾಂಟ್ಜಾಕಿಸನ ಕಾದಂಬರಿಯನ್ನು ರೋಮಿನ ಧರ್ಮಪೀಠವು 1954ರಲ್ಲಿ ನಿಷಿದ್ಧಗ್ರಂಥಗಳ ಪಟ್ಟಿಗೆ ಸೇರಿಸಿತು.

ಮುರುಘಾಮಠವಿರುವ ದುರ್ಗದ ಸೀಮೆಗೆ ಇಂಥ ವಿವಾದವು ದೂರದ್ದಲ್ಲ. ಹರಿಹರನ ರಗಳೆಯಲ್ಲಿ ಬಸವಣ್ಣನವರು ಧರಿಸಿದ್ದ ಜನಿವಾರವನ್ನು ಕಿತ್ತೊಗೆದರು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದಲ್ಲಿಯಾದರೋ ಉಪನಯನವನ್ನೇ ಒಲ್ಲದೆ ಹೊರಟರು. ಪೂರ್ವಕವಿಗಳಲ್ಲಿಯೇ ಹೀಗೆ ಭೇದವುಂಟು. 1995ರಲ್ಲಿ ಬಂದ ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯು ಚೆನ್ನಬಸವಣ್ಣನವರ ಜನ್ಮವೃತ್ತಾಂತವನ್ನು ಬೇರೊಂದು ಬಗೆಯಾಗಿ ಚಿತ್ರಿಸಲು, ಭಕ್ತರ ಮನಸ್ಸು ನೊಂದಿತು. 1997ರಲ್ಲಿ ಸರ್ಕಾರವು ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು.

ಕಾದಂಬರಿಕಾರನು ಪ್ರಶ್ನಿಸುವುದು ಅಪರಾಧವಲ್ಲ. ಆದರೆ ಅವನ ಊಹೆಯು ಪ್ರಮಾಣವೂ ಅಲ್ಲ. ಬಸವಣ್ಣನವರ ಅಗ್ರಜ ದೇವರಾಜನನ್ನು ಹೆಸರಿಸುವುದು 1260ರ ಅರ್ಜುನವಾಡದ ಶಾಸನ. ಉತ್ತರವನ್ನು ಅರಸಬೇಕಾದುದು ಇಂಥ ಕಲ್ಲುಗಳಲ್ಲಿ, ವಚನಗಳಲ್ಲಿ. ಪುಸ್ತಕವನ್ನು ಮುಚ್ಚಿದ ಮಾತ್ರಕ್ಕೆ ಪ್ರಶ್ನೆಯು ಮುಚ್ಚಿಹೋಗದು.