ಜಲ್ಲಿ ದಾರಿಯ ಕರಿ ಸೈಕಲ್ಲು

ತಿಪಟೂರಿನಲ್ಲಿ ನಮ್ಮಪ್ಪನದು ಸೈಕಲ್ ಶಾಪು. 1970ರ ದಶಕದ ಮಾತು. ಪೇಟೆ ದಾಟಿದರೆ ಡಾಂಬರು ಮುಗಿದು ಜಲ್ಲಿ, ಜಲ್ಲಿ ಮುಗಿದರೆ ಎತ್ತಿನ ಗಾಡಿ ಕೊರೆದ ಜಾಡು. ಆ ದಾರಿಯಲ್ಲಿ ತೆಂಗಿನಕಾಯಿ ಮೂಟೆ ಹೇರಿಕೊಂಡು ಬರುವವರೇ ಅಪ್ಪನ ಗಿರಾಕಿಗಳು. ಸೈಕಲ್ ಕೊಳ್ಳಲು ಬಂದವರನ್ನು ಅಪ್ಪ ಮೊದಲು ಕೇಳುತ್ತಿದ್ದದ್ದು, "ಯಾವೂರು ಗೌಡ್ರೇ, ದಾರಿ ಹೆಂಗೈತೆ?"

ಅಂಬತ್ತೂರಿನ ಹರ್ಕ್ಯುಲಿಸ್, ಸೋನಿಪತ್‌ನ ಅಟ್ಲಾಸ್, ಲೂಧಿಯಾನದ ಹೀರೋ: ಹೆಸರು ಮೂರಾದರೂ ಅಚ್ಚು ಒಂದೇ, ಇಂಗ್ಲೆಂಡಿನ ರೋಡ್‌ಸ್ಟರ್. ಕವೆಂಟ್ರಿಯ ಸ್ಟಾರ್ಲಿ ಅದರ ಪೂರ್ವಜನಾದ ರೋವರ್ ಸೈಕಲ್ ತಂದದ್ದು 1885ರಲ್ಲಿ. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯನಾಗಿದ್ದ ಡನ್ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಆಗ ಅಲ್ಲಿನ ರಸ್ತೆಗಳೂ ಬಹುಪಾಲು ಮಣ್ಣು, ಜಲ್ಲಿಯವೇ. ಅಂಥ ನೆಲದಲ್ಲಿ ಪಳಗಿದ ಸೈಕಲ್ಲು ನಮ್ಮ ಹಳ್ಳಿಗೆ ಒಗ್ಗಿದ್ದರಲ್ಲಿ ನನಗೇನೂ ಅಚ್ಚರಿಯಿಲ್ಲ. 28 ಇಂಚಿನ ದೊಡ್ಡ ಚಕ್ರ ಗುಂಡಿಗೆ ಸುಲಭಕ್ಕೆ ಇಳಿಯುವುದಿಲ್ಲ. ಮುಂದಕ್ಕೆ ಬಾಗಿದ ಫೋರ್ಕು ಏಟನ್ನು ಒಂದಿಷ್ಟು ತಾನೇ ನುಂಗುತ್ತದೆ. ಟೈರು ಒಂದೂವರೆ ಇಂಚು ಅಗಲ, ಅಂದರೆ ಹತ್ತಿರಹತ್ತಿರ 40 ಮಿಲಿಮೀಟರ್. ಈಗ ಕಚ್ಚಾ ರಸ್ತೆಗೆಂದೇ ಮಾರುವ ದುಬಾರಿ ಗ್ರಾವೆಲ್ ಸೈಕಲ್ಲುಗಳ ಟೈರೂ ಸುಮಾರು ಅಷ್ಟೇ ಅಗಲ.

ಈ ಸೈಕಲ್ಲಿನ, ತಂತಿಯ ಬದಲು ಸಲಾಕೆಯಿಂದ ಎಳೆಯುವ ಬ್ರೇಕನ್ನು ಹಳೇ ಕಾಲದ್ದೆಂದು ಜನ ತಳ್ಳಿಹಾಕುತ್ತಾರೆ. ನನಗದು ಒಪ್ಪಿಗೆಯಿಲ್ಲ. ಅದರ ರಬ್ಬರ್ ತುಂಡು ರಿಮ್ಮಿನ ಪಕ್ಕವನ್ನು ಹಿಡಿಯುವುದಿಲ್ಲ, ಒಳಮೈಯನ್ನು ಒತ್ತುತ್ತದೆ. ಕಲ್ಲಿಗೆ ಬಡಿದು ರಿಮ್ಮು ಒಂದಿಷ್ಟು ಬೆಂಡಾದರೂ ಚಕ್ರ ಉಜ್ಜದೆ ಊರು ಸೇರಿಸುತ್ತದೆ. ಮಳೆಯಲ್ಲಿ ಮಾತ್ರ ಅದನ್ನು ನಂಬುವಂತಿಲ್ಲ; ಇಳಿಜಾರಿನಲ್ಲಿ ಇಳಿದು ತಳ್ಳಬೇಕು.

ಮೂಟೆ ಹೇರುವವರಿಗೆ ಅಪ್ಪ ಮೇಲೆ ಎರಡು ಅಡ್ಡಕೊಳವೆಯಿರುವ ಡಬಲ್ ಬಾರ್ ಸೈಕಲ್ಲೇ ಕೊಡುತ್ತಿದ್ದರು. ಕ್ಯಾರಿಯರ್, ಸ್ಟ್ಯಾಂಡು, ಸೀಟು ಎಲ್ಲವನ್ನೂ ಬೇರೆಬೇರೆಯಾಗಿ ಆರಿಸಿ ಶಾಪಿನಲ್ಲೇ ಫಿಟ್ಟಿಂಗ್. ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಕ್ಕೆ 32, ಭಾರ ಬೀಳುವ ಕಡೆ ಹೆಚ್ಚು. ಚಕ್ರ ಕಟ್ಟಿ ಮುಗಿದ ಮೇಲೆ ಅಪ್ಪ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಿದ್ದರು. ಬಿಗಿಯಾದದ್ದು ಟಿಂಗ್ ಎನ್ನುತ್ತಿತ್ತು, ಸಡಿಲವಾದದ್ದು ಮಂಕಾಗಿ ದಬ್ ಎನ್ನುತ್ತಿತ್ತು. ಆಮೇಲೆ ಚಕ್ರ ತಿರುಗಿಸಿ, ಫೋರ್ಕಿಗೆ ಹೆಬ್ಬೆರಳು ಊರಿ ಉಗುರನ್ನು ರಿಮ್ಮಿನ ಅಂಚಿಗೆ ಹಿಡಿಯುತ್ತಿದ್ದರು. ಉಗುರಿಗೆ ತಾಗಿದ ಕಡೆ ಸೀಮೆಸುಣ್ಣದ ಗೆರೆ. ಅಲ್ಲಿನ ಎದುರುಬದಿಯ ಕಡ್ಡಿಗೆ ಕಾಲು ಸುತ್ತು ಬಿಗಿ. ಮತ್ತೆ ತಿರುಗಿಸಿ, ಮತ್ತೆ ಉಗುರು. ಗಿರಾಕಿ ಎಷ್ಟೇ ಅವಸರಪಟ್ಟರೂ ಆ ಕೈ ಅವಸರಪಡುತ್ತಿರಲಿಲ್ಲ.

ದುಡ್ಡು ಎಣಿಸಿಕೊಂಡ ಮೇಲೂ ಒಂದು ಮಾತು ಇದ್ದೇ ಇರುತ್ತಿತ್ತು: "ಎಂಟು ದಿನ ಓಡ್ಸಿ ತಗಂಬನ್ನಿ, ಕಡ್ಡಿ ಕೂತ್ಕೊಂಡಿರ್ತವೆ, ಇನ್ನೊಂದ್ಸಲ ಬಿಗಿ ಮಾಡ್ಕೊಡ್ತೀನಿ." ಸಂತೆಯ ದಿನ ಅವರು ಬರುತ್ತಿದ್ದರು, ಚಕ್ರದ ತುಂಬ ತಮ್ಮೂರಿನ ಕೆಂಪು ಮಣ್ಣು ಮೆತ್ತಿಕೊಂಡು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ನನ್ನ ಕೆಲಸ.