ಗುಬ್ಬಿಯ ಇನ್ನೊಂದು ಸಂಗೀತ

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಾಟಕದ ಕಂಪನಿ. 1884ರಲ್ಲಿ ಹುಟ್ಟಿದ ಆ ಕಂಪನಿ, ಅದನ್ನು ಮುಂದೆ ನಾಡಿನ ಮನೆಮಾತಾಗಿಸಿದ ವೀರಣ್ಣನವರು, ರಂಗದ ಪಕ್ಕದಲ್ಲಿ ಹಾರ್ಮೋನಿಯಂ ತುಳಿಯುತ್ತ ಕೂತ ಮೇಷ್ಟ್ರು, ಇವೆಲ್ಲ ನಮ್ಮ ಸಾಂಸ್ಕೃತಿಕ ನೆನಪಿನ ಭಾಗವೇ ಆಗಿಹೋಗಿವೆ. ಕಂಪನಿ ಹುಟ್ಟುವುದಕ್ಕೆ ನಲವತ್ತೇಳು ವರ್ಷ ಮೊದಲೇ ಅದೇ ಗುಬ್ಬಿಯಲ್ಲಿ ಇನ್ನೊಂದು ಬಗೆಯ ಹಾಡಿಕೆ ಆರಂಭವಾಗಿತ್ತು. ಅದರ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದನ್ನು ಉಳಿಸಿಕೊಂಡು ಬಂದ ಹೆಂಗಸರ ಕಥೆಯಂತೂ ಇನ್ನೂ ಕಡಿಮೆ.

1837ರಲ್ಲಿ ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಮೆಥಡಿಸ್ಟ್ ಪಾದ್ರಿ ಗುಬ್ಬಿಗೆ ಬಂದು ನೆಲೆಸಿದರು. ವೆಸ್ಲಿಯನ್ ಮಿಷನ್ನು ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಮುಖ್ಯವಾಗಿ ತಮಿಳರ ನಡುವೆ ಕೆಲಸ ಮಾಡುತ್ತಿತ್ತು. ಕನ್ನಡವನ್ನೇ ಆಡುವ ಹಳ್ಳಿಗಳ ನಡುವೆ ಅದು ಹೂಡಿದ ಮೊದಲ ಠಾಣ್ಯಗಳ ಸಾಲಿನಲ್ಲಿ ಗುಬ್ಬಿಗೆ ಅಗ್ರಸ್ಥಾನ. ಗುಬ್ಬಿಯೇ ಏಕೆ ಎಂದು ಕೇಳಿದರೆ ಉತ್ತರ ಸುಲಭ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಗುಬ್ಬಿಯ ಸಂತೆಯನ್ನು ಗಮನಿಸದೆ ಬಿಡಲಿಲ್ಲ. ಅಡಿಕೆ, ಕೊಬ್ಬರಿ, ಬಟ್ಟೆಗಾಗಿ ದೂರದೂರದವರು ಕೂಡುತ್ತಿದ್ದ ಊರು ಅದು. ಹೇಳುವವನಿಗೆ ಕೇಳುವವರು ಬೇಕಲ್ಲವೇ?

ಹಾಡ್ಸನ್ನರ ಹಿಂದೆಯೇ 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಐರಿಷ್ ತರುಣ ಗುಬ್ಬಿಗೆ ಬಂದರು. ಕಣ್ಣಿನ ಬೇನೆಯಿಂದಾಗಿ 1841ರಲ್ಲೇ ಹಿಂತಿರುಗಬೇಕಾಯಿತು. ಆದರೂ 1847ರಲ್ಲಿ ಅವರು ಬರೆದ ‘ಎ ಮಿಷನ್ ಟು ದಿ ಮೈಸೂರ್’ ಎಂಬ ಪುಸ್ತಕ ಇಂಗ್ಲೆಂಡಿನ ಓದುಗರಿಗೆ ಈ ಸೀಮೆಯನ್ನು ಪರಿಚಯಿಸಿತು. ಹಾಡ್ಸನ್ನರು ಕನ್ನಡ ವ್ಯಾಕರಣ ಬರೆದರು. 1877ರಲ್ಲಿ ಗುಬ್ಬಿ ಸುತ್ತಿನ ಕೆಲಸದ ನೆನಪುಗಳನ್ನು ‘ಓಲ್ಡ್ ಡೇನಿಯಲ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದು ಇಲ್ಲಿ ಮತಾಂತರ ಹೊಂದಿದ ಒಬ್ಬ ಗಂಡಸಿನ ಚರಿತ್ರೆ. ಕುಣಿಗಲ್ಲೂ ತುಮಕೂರೂ ಮಿಷನ್ನಿನ ಠಾಣ್ಯಗಳಾದವು. ಹಳೆಯ ಇಂಗ್ಲಿಷ್ ವರದಿಗಳಲ್ಲಿ ಕುಣಿಗಲ್ಲಿನ ಹೆಸರು ‘ಕೂನ್‌ಘಲ್’ ಎಂದು ವಿಚಿತ್ರವಾಗಿ ತಿರುಚಿಕೊಂಡಿದೆ. ಕೆರೆಯ ಹಾಡನ್ನು ಕೇಳಿ ಬೆಳೆದ ನಮಗೆ ತಕ್ಷಣ ಗುರುತೇ ಹತ್ತುವುದಿಲ್ಲ.

ಹೀಗೆ ಗಂಡಸರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಅವರ ಪತ್ನಿಯರ ಹೆಸರು ಬರುವುದು ‘ಮಿಸೆಸ್’ ಎಂಬ ಮುಂಬಾಲದೊಡನೆ, ಗಂಡನ ಹೆಸರಿಗೆ ಅಂಟಿಕೊಂಡು. ಅವರ ಹುಟ್ಟುಹೆಸರು ಬೇಕಾದರೆ ಗೋರಿಕಲ್ಲುಗಳನ್ನೇ ಹುಡುಕಬೇಕು. ಇನ್ನು ಊರಿನವನೇ ಆದ ಉಪದೇಶಿಯ ಹೆಂಡತಿ, ಶಾಲೆಯ ಮೇಷ್ಟರ ಹೆಂಡತಿ, ಮನೆಮನೆಗೆ ಹೋಗಿ ಹೆಂಗಸರಿಗೆ ಓದು ಕಲಿಸುತ್ತಿದ್ದ ‘ಬೈಬಲ್ ಸ್ತ್ರೀ’ ಇವರಿಗೆ ಅಷ್ಟೂ ಇಲ್ಲ. ಹಾಗೆಂದು ಅವರು ಮಾಡಿದ ಕೆಲಸ ಸಣ್ಣದೇನಲ್ಲ. ಭಾನುವಾರದ ಉಪದೇಶ ಸೋಮವಾರಕ್ಕೆ ಮರೆತುಹೋಗುತ್ತದೆ. ಮಕ್ಕಳ ಬಾಯಿಗೆ ಬಂದ ಹಾಡು ಮಾತ್ರ ಅವರು ಮುದುಕರಾಗುವವರೆಗೂ ಉಳಿಯುತ್ತದೆ. ಆ ಹಾಡನ್ನು ಬಾಯಿಗೆ ತಂದವರು ಈ ಹೆಂಗಸರು.

ಮೆಥಡಿಸ್ಟರಿಗೆ ಹಾಡು ಆರಾಧನೆಯ ಅಲಂಕಾರವಲ್ಲ, ಅದರ ಬೆನ್ನೆಲುಬು. ಪಂಥದ ಮೂಲಪುರುಷ ಜಾನ್ ವೆಸ್ಲಿ. ಅವನ ತಮ್ಮ ಚಾರ್ಲ್ಸ್ ವೆಸ್ಲಿ ಬರೆದ ಗೀತೆಗಳು ಆರು ಸಾವಿರಕ್ಕೂ ಹೆಚ್ಚು. ತುಮಕೂರಿನಲ್ಲಿ ಚರ್ಚ್ ಸರ್ಕಲ್ ಎಂದರೆ ಗೊತ್ತಿಲ್ಲದವರಿಲ್ಲ. ವೆಸ್ಲಿ ಎಂಬ ಹೆಸರು ಕಂಡವರು ನೆನೆಯುವುದು ಈ ಅಣ್ಣತಮ್ಮಂದಿರನ್ನು. ಇವರ ತಾಯಿಯ ಮಾತನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಗುಬ್ಬಿ, ಕುಣಿಗಲ್ಲುಗಳ ಪಾದ್ರಿಮನೆಗಳಿಗೆ ಬಂದ ಬಾಳಿನ ಮಾದರಿ ಅವಳಿಂದಲೇ ಹೊರಟದ್ದು.

ಸುಸಾನಾ ವೆಸ್ಲಿ ಹುಟ್ಟಿದ್ದು 1669ರಲ್ಲಿ, ಇಪ್ಪತ್ತೈದು ಮಕ್ಕಳ ಮನೆಯಲ್ಲಿ ಕೊನೆಯವಳಾಗಿ. ತಾನು ಹೆತ್ತದ್ದು ಹತ್ತೊಂಬತ್ತು. ಅವುಗಳಲ್ಲಿ ಸುಮಾರು ಅರ್ಧ ಶೈಶವದಲ್ಲೇ ತೀರಿಕೊಂಡವು. ಗಂಡ ಸ್ಯಾಮ್ಯುಯೆಲ್ ಎಪ್‌ವರ್ತ್ ಎಂಬ ಹಳ್ಳಿಯ ಪಾದ್ರಿ. ವಿದ್ವಾಂಸ, ಕವಿ, ಜೊತೆಗೆ ಸದಾ ಸಾಲಗಾರ. ಸಾಲ ತೀರಿಸಲಾಗದೆ 1705ರಲ್ಲಿ ಸೆರೆಮನೆಗೂ ಹೋಗಿಬಂದ. 1709ರಲ್ಲಿ ಮನೆ ಸುಟ್ಟುಹೋಯಿತು. ಉರಿಯುವ ಮನೆಯ ಕಿಟಕಿಯಿಂದ ಐದು ವರ್ಷದ ಜಾನನನ್ನು ಹೊರಗೆಳೆದದ್ದು ಪ್ರಸಿದ್ಧ ಕಥೆ. ಇಷ್ಟೆಲ್ಲದರ ನಡುವೆ ಆಕೆ ಮಕ್ಕಳಿಗೆ ತಾನೇ ಪಾಠ ಹೇಳಿದಳು. ವಾರಕ್ಕೆ ಒಂದು ಸಂಜೆ ಒಂದೊಂದು ಮಗುವಿನೊಡನೆ ಪ್ರತ್ಯೇಕವಾಗಿ ಕೂತು ಮಾತನಾಡುವ ನಿಯಮ ಇಟ್ಟುಕೊಂಡಳು. ಜಾನನ ಪಾಲಿಗೆ ಬಂದದ್ದು ಗುರುವಾರ. ಬೆಳೆದು ದೊಡ್ಡವನಾದ ಮೇಲೂ ಅವನು ಆ ಗುರುವಾರಗಳನ್ನು ನೆನೆದು ತಾಯಿಗೆ ಪತ್ರ ಬರೆದ.

1711–12ರ ಚಳಿಗಾಲದಲ್ಲಿ ಗಂಡ ಲಂಡನ್ನಿಗೆ ಹೋಗಿದ್ದಾಗ ಆಕೆ ಭಾನುವಾರ ಸಂಜೆ ಅಡುಗೆಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೀರ್ತನೆ ಹಾಡಿಸಿ, ಪ್ರಸಂಗ ಓದತೊಡಗಿದಳು. ಆಳುಗಳು ಬಂದರು, ಅಕ್ಕಪಕ್ಕದವರು ಬಂದರು, ನೋಡನೋಡುತ್ತಿದ್ದಂತೆ ಇನ್ನೂರು ಜನ ನೆರೆಯತೊಡಗಿದರು. ಚರ್ಚಿನಲ್ಲಿ ಗಂಡನ ಬದಲಿಗೆ ನಿಂತಿದ್ದ ಕಿರಿಯ ಪಾದ್ರಿಗೆ ಅಷ್ಟು ಜನ ಸೇರುತ್ತಿರಲಿಲ್ಲ. ಆತ ದೂರು ಬರೆದ. ಗಂಡನೂ ಹಿಂಜರಿದ. ಸುಸಾನಾ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನಿಲ್ಲಿಸು ಎಂದು ನಯವಾಗಿ ಹೇಳಿದರೆ ಸಾಲದು, ಸ್ಪಷ್ಟವಾಗಿ ಅಪ್ಪಣೆ ಮಾಡಿ, ಆಗ ದೇವರ ಮುಂದೆ ಹೊಣೆ ನಿಮ್ಮದಾಗುತ್ತದೆ. ಅಪ್ಪಣೆ ಬರಲಿಲ್ಲ. ವಿಧೇಯಳಾದ ಹೆಂಡತಿ ಎಂದು ಇವಳನ್ನು ಹೊಗಳುವವರು ಈ ಪತ್ರವನ್ನು ಒಮ್ಮೆ ಓದಬೇಕು.

ಈ ಮಾದರಿ ತುಮಕೂರು ಸೀಮೆಗೆ ಬಂದಾಗ ಅದರೊಡನೆ ಒಂದು ತೊಡಕೂ ಬಂತು. ಇಂಗ್ಲಿಷ್ ರಾಗಕ್ಕೆ ಕನ್ನಡ ಮಾತು ಕೂರುವುದಿಲ್ಲ. ಇಂಗ್ಲಿಷ್ ಗೀತೆಗಳ ಅತಿ ಸಾಮಾನ್ಯವಾದ ಅಳತೆ ಎಂಟು, ಆರು, ಎಂಟು, ಆರು ಅಕ್ಷರಗಳ ನಾಲ್ಕು ಸಾಲು. ಎಂಟು ಅಕ್ಷರದಲ್ಲಿ ಇಂಗ್ಲಿಷಿನ ಆರೇಳು ಪದ ಹಿಡಿಸುತ್ತವೆ. ಕನ್ನಡದಲ್ಲಿ ‘ಕರ್ತನು’ ಎನ್ನುವಷ್ಟರಲ್ಲಿ ಮೂರು, ‘ಪ್ರೀತಿಸುತ್ತಾನೆ’ ಎನ್ನುವಷ್ಟರಲ್ಲಿ ಐದು ಅಕ್ಷರ ಮುಗಿದು ಸಾಲೇ ತೀರಿತು! ಅದಕ್ಕಿಂತ ದೊಡ್ಡ ತೊಂದರೆ ಲಘು-ಗುರುಗಳದು. ಇಂಗ್ಲಿಷಿನಲ್ಲಿ ಒತ್ತು ಮುಖ್ಯ, ಸ್ವರವನ್ನು ಎಳೆದರೆ ಅರ್ಥ ಕೆಡುವುದು ಅಪರೂಪ. ನಮ್ಮಲ್ಲಿ ಎಳೆತವೇ ಅರ್ಥ. ರಾಗ ನೀಳವಾಗಿರುವ ಕಡೆ ‘ಬಲ’ ಎಂಬ ಮಾತು ಬಂದರೆ ಸಭೆಯೆಲ್ಲ ಭಕ್ತಿಯಿಂದ ದೇವರಲ್ಲಿ ‘ಬಾಲ’ ಬೇಡಿಕೊಂಡಂತಾಗುತ್ತದೆ. ಪುಸ್ತಕದಲ್ಲಿ ಅಚ್ಚಾದ ಅನುವಾದವನ್ನು ಹಾಡಬಲ್ಲ ಹಾಡಾಗಿಸಲು ಎಲ್ಲಿ ಎಳೆಯಬೇಕು, ಎಲ್ಲಿ ಮೊಟಕಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಯಾರಾದರೂ ತೀರ್ಮಾನಿಸಲೇಬೇಕು. ಆ ತೀರ್ಮಾನ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಶನಿವಾರ ಸಂಜೆ ಅಭ್ಯಾಸ ಮಾಡಿಸುವವರ ಬಾಯಲ್ಲಿರುತ್ತದೆ.

ಇನ್ನೊಂದು ದಾರಿಯೂ ಇತ್ತು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನೇ ಅಚ್ಚು ಹಾಕಿಸಿದ್ದರು. ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ನಮ್ಮ ಛಂದಸ್ಸಿನಲ್ಲೇ ಬರೆದರು. ಪಲ್ಲವಿ, ಅನುಪಲ್ಲವಿ, ಚರಣಗಳುಳ್ಳ ಕ್ರೈಸ್ತ ಕೀರ್ತನೆಗಳು ತಮಿಳಿನಲ್ಲಿ ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳ ಕಾಲದಿಂದಲೇ ಇದ್ದವು, ಕನ್ನಡದಲ್ಲೂ ಬೆಳೆದವು. ಇವತ್ತಿಗೂ ಕನ್ನಡ ಚರ್ಚಿನಲ್ಲಿ ಒಂದೇ ಆರಾಧನೆಯಲ್ಲಿ ಒಂದು ಹಾಡು ಇಂಗ್ಲೆಂಡಿನ ಮಟ್ಟಿನದು, ಮುಂದಿನದು ನಮ್ಮ ರಾಗದ್ದು ಎಂಬಂತೆ ಬರುವುದುಂಟು. ಎರಡನ್ನೂ ಒಬ್ಬರೇ ನುಡಿಸಬೇಕು. ಇದೇನು ಸುಲಭದ ವಿದ್ಯೆಯೇ?

ವಾದ್ಯದ ಕಥೆ ಇನ್ನೂ ಸ್ವಾರಸ್ಯದ್ದು. ಹಾರ್ಮೋನಿಯಂ ಪ್ಯಾರಿಸ್ಸಿನ ದೆಬೇನ್ ಎಂಬಾತ 1842ರಲ್ಲಿ ಪೇಟೆಂಟ್ ಪಡೆದ ವಾದ್ಯ. ದೊಡ್ಡ ಆರ್ಗನ್ ಕೊಳ್ಳಲಾಗದ ಸಣ್ಣ ಚರ್ಚುಗಳಿಗೆ ಅದು ವರವಾಯಿತು. ಮಿಷನರಿಗಳ ಸಾಮಾನಿನೊಡನೆ ಹಡಗು ಹತ್ತಿ ಬಂತು. 1875ರ ಹೊತ್ತಿಗೆ ಕಲ್ಕತ್ತದ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕೂತು ಕೈಯಿಂದ ತಿದಿ ಒತ್ತುವಂತೆ ಮಾರ್ಪಡಿಸಿದರು. ಒಂದೇ ವಾದ್ಯ ನಾಟಕದ ಕಂಪನಿಗೂ ಚರ್ಚಿಗೂ ಭಜನೆಗೂ ಸಲ್ಲತೊಡಗಿತು. ಗಮಕಕ್ಕೆ ಒಗ್ಗದ ವಾದ್ಯವೆಂದು ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಗುಬ್ಬಿ ಕಂಪನಿಯಾಗಲಿ ಗುಬ್ಬಿಯ ಭಕ್ತರಾಗಲಿ ಇದಕ್ಕೆ ತಲೆ ಕೆಡಿಸಿಕೊಂಡಂತಿಲ್ಲ.

ಒಂದು ವ್ಯತ್ಯಾಸ ಮಾತ್ರ ಇತ್ತು. ಕಂಪನಿಯಲ್ಲಿ ಹಾರ್ಮೋನಿಯಂ ಮುಂದೆ ಕೂರುತ್ತಿದ್ದವರು ಮೇಷ್ಟ್ರು. ಚರ್ಚಿನಲ್ಲಿ ಬಹುಮಟ್ಟಿಗೆ ಅಮ್ಮನವರು ಅಥವಾ ಟೀಚರಮ್ಮ. ಸಾಧಾರಣ ಸಂಸಾರದ ಹೆಂಗಸು ನಾಲ್ಕು ಜನರ ಮುಂದೆ ಹಾಡಿದರೆ ಮೂಗು ಮುರಿಯುತ್ತಿದ್ದ ಕಾಲ ಅದು. ತಿರುವಯ್ಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹೆಂಗಸರಿಗೆ ಗಂಡಸರ ಸಮನಾಗಿ ಜಾಗ ಸಿಗಲು ಬೆಂಗಳೂರು ನಾಗರತ್ನಮ್ಮನವರು 1940ರ ಸುಮಾರಿನವರೆಗೆ ಹೋರಾಡಬೇಕಾಯಿತು. ಅಂಥ ದಿನಗಳಲ್ಲಿ ಮದುವೆಯಾದ, ಮಕ್ಕಳೊಂದಿಗಳಾದ ಹೆಂಗಸೊಬ್ಬಳು ಪ್ರತಿ ಭಾನುವಾರ ಇಡೀ ಸಭೆಗೆ ಶ್ರುತಿ ಕೊಡುತ್ತಿದ್ದಳು. ಅವಳು ಎತ್ತಿದ ಮೇಲೇ ಗಂಡಸರೂ ದನಿ ಎತ್ತಬೇಕು. ಆದರೆ ಉಪದೇಶದ ಪೀಠ ಅವಳದಾಗಿರಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರೂ ಆಂಗ್ಲಿಕನ್ನರೂ ಇತರರೂ ಕೂಡಿ ದಕ್ಷಿಣ ಭಾರತ ಸಭೆಯಾದರು. ಆ ಸಭೆ ಹೆಂಗಸರಿಗೆ ಪಾದ್ರಿದೀಕ್ಷೆ ಕೊಟ್ಟದ್ದು 1970ರ ದಶಕದಲ್ಲಿ. ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪ ಲಲಿತಾ ಅವರು ಬಂದದ್ದು 2013ರಲ್ಲಿ. ಹಾಡಿಗೂ ಉಪದೇಶಕ್ಕೂ ನಡುವಿನ ಹತ್ತು ಹೆಜ್ಜೆ ದಾಟಲು ಇಷ್ಟು ಕಾಲ ಹಿಡಿಯಿತು.

ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುವ ‘ಟಾನಿಕ್ ಸೋಲ್‌ಫಾ’ ಎಂಬ ಪದ್ಧತಿ ಮಿಷನ್ನುಗಳ ಮೂಲಕ ಭಾರತಕ್ಕೂ ಬಂತು. ಸರಿಗಮ ಬಲ್ಲವರಿಗೆ ಅದು ಹೊಸದೆನಿಸುವುದಿಲ್ಲ. ಗೆರೆಗಳ ಮೇಲಿನ ಚುಕ್ಕೆಗಳನ್ನು ಓದಲು ಬಾರದವರೂ ಅದರಿಂದ ನಾಲ್ಕು ದನಿಗಳಲ್ಲಿ ಹಾಡಬಲ್ಲರು. ಜಗತ್ತು ಅದನ್ನು ಜಾನ್ ಕರ್ವನ್ನನ ಪದ್ಧತಿ ಎನ್ನುತ್ತದೆ. ಅದರ ಮೂಲ ನಾರ್‌ವಿಚ್ಚಿನಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ಸಾರಾ ಗ್ಲೋವರ್ ಎಂಬ ಹೆಂಗಸಿನದು. ಇಲ್ಲೂ ಅದೇ ಕಥೆ!

ಇವರ ನೆನಪು ಇಷ್ಟು ಬೇಗ ಚದುರಿಹೋದದ್ದಕ್ಕೆ ಅಲಕ್ಷ್ಯ ಒಂದೇ ಕಾರಣವೆಂದು ನನಗೆ ತೋರುವುದಿಲ್ಲ. ಮೆಥಡಿಸ್ಟರ ವ್ಯವಸ್ಥೆಯೇ ಹಾಗಿತ್ತು. ಹಲವು ಊರು ಸೇರಿ ಒಂದು ‘ಸರ್ಕಿಟ್’; ಪಾದ್ರಿ ಒಂದೇ ಕಡೆ ಬೇರುಬಿಡಬಾರದು, ಕೆಲವು ವರ್ಷಕ್ಕೊಮ್ಮೆ ವರ್ಗ. ಇವತ್ತು ತುಮಕೂರು, ನಾಳೆ ಗುಬ್ಬಿ, ಆಮೇಲೆ ಕುಣಿಗಲ್ಲು. ಪಾತ್ರೆಪಡಗ, ಮಕ್ಕಳ ಶಾಲೆಯ ಚೀಟಿ, ಹಾಡಿನ ಪುಸ್ತಕ ಗಾಡಿಗೇರಿಸಿ ಹೊರಡಬೇಕು. ವಾದ್ಯ ಸಭೆಯ ಆಸ್ತಿ, ಅದು ಅಲ್ಲೇ ಉಳಿಯುತ್ತದೆ, ನುಡಿಸುವವಳು ಹೋಗುತ್ತಾಳೆ. ಒಂದೂರಿನವರು ಅವಳನ್ನು ಹೊಸ ಮದುಮಗಳಾಗಿ ಕಂಡರೆ, ಇನ್ನೊಂದೂರಿನವರು ಎಳೆಕೂಸಿನ ತಾಯಿಯಾಗಿ, ಮತ್ತೊಂದೂರಿನವರು ನರೆತ ಅಜ್ಜಿಯಾಗಿ. ಅವಳ ಇಡೀ ಬಾಳನ್ನು ಕಂಡ ಊರು ಒಂದೂ ಇಲ್ಲ.

ಹೆಸರು ಉಳಿಸುವ ಯತ್ನ ನಡೆದ ಕಡೆಯೂ ಅದು ಉಳಿಯುವುದು ಕಷ್ಟವೇ. ಪಾದ್ರಿ ಹೋಲ್ಡ್ಸ್‌ವರ್ತರ ಪತ್ನಿ ಮೇರಿ ಕ್ಯಾಲ್ವರ್ಟ್ ಅವರ ಸ್ಮಾರಕವಾಗಿ ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನು 1906ರಲ್ಲಿ ಆಸ್ಪತ್ರೆ ತೆರೆಯಿತು. ಎಷ್ಟೋ ಸಾವಿರ ಮಕ್ಕಳು ಅಲ್ಲಿ ಕಣ್ಣು ಬಿಟ್ಟಿವೆ. ಜನ ಅದನ್ನು ಕರೆಯುವುದು ‘ಮಿಷನ್ ಆಸ್ಪತ್ರೆ’ ಎಂದೇ.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಹಳೆಯ ಕ್ರೈಸ್ತ ಮನೆಗಳಲ್ಲಿ ಹುಡುಕಿದರೆ ಇನ್ನೂ ಸಿಗಬಹುದಾದ ಒಂದು ದಾಖಲೆ ಉಂಟು. ಚರ್ಚಿನ ರಿಜಿಸ್ಟರಿನಲ್ಲಿ ಹೆಂಗಸಿನ ಹೆಸರು ಬರುವುದು ದೀಕ್ಷಾಸ್ನಾನಕ್ಕೊಮ್ಮೆ, ಮದುವೆಗೊಮ್ಮೆ, ಮಣ್ಣಿಗೊಮ್ಮೆ. ಯಾವ ಭಾನುವಾರ ಯಾರು ನುಡಿಸಿದರೆಂದು ಅದರಲ್ಲಿ ಬರೆಯುವುದಿಲ್ಲ. ಅದನ್ನು ಹೇಳಬಲ್ಲವು ಹಾಡುಗಾರ್ತಿಯರ ಕೈಬರಹದ ಪುಸ್ತಕಗಳು: ಹಾಡಿನ ನಂಬರು, ಪಕ್ಕದಲ್ಲಿ ಶ್ರುತಿ, ಎಲ್ಲಿ ಉಸಿರು ತೆಗೆಯಬೇಕೆಂದು ಪೆನ್ಸಿಲಿನ ಗೀಟು, ಇಂಗ್ಲಿಷ್ ಮಟ್ಟಿನ ಹೆಸರು ಕನ್ನಡ ಅಕ್ಷರದಲ್ಲಿ. ರದ್ದಿ ಅಂಗಡಿಯವನಿಗೆ ಅವುಗಳ ಬೆಲೆ ತೂಕದ ಲೆಕ್ಕ. ನಾಟಕ ಕಂಪನಿಯ ಹಸ್ತಪ್ರತಿಗಳನ್ನೂ ಕರಪತ್ರಗಳನ್ನೂ ಹುಡುಕಿ ಕಾಪಾಡುತ್ತಿರುವ ನಮ್ಮ ಸಂಶೋಧಕರು ಈ ಮನೆಗಳ ಬಾಗಿಲನ್ನೂ ಒಮ್ಮೆ ತಟ್ಟಬಹುದು.