ಅಜ್ಜಿಯ ಹಾಡು ಮತ್ತು ಪೌಂಡ್ ಚಿಹ್ನೆ

ಮೊದಲ ಫೋಟೋ ಝೂಮ್ ಮಾಡಿ ನೋಡಿ. ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಮಧ್ಯೆ ಪೌಂಡ್ ಚಿಹ್ನೆ. ವೈರಸ್ ಅಂದ್ಕೊಂಡ್ರಾ? ನಾನೂ ಹಾಗೇ ಅಂದ್ಕೊಂಡೆ. ಅದು ನಮ್ಮಜ್ಜಿ ಹೇಳ್ತಿದ್ದ ಮದುವೆ ಹಾಡು.

ಅಜ್ಜಿ ಈಗಿಲ್ಲ. ಅವಳು ಹೇಳಿದ ಹಾಡನ್ನೆಲ್ಲ ದೊಡ್ಡಪ್ಪ ಹಳೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಇಟ್ಟಿದ್ರು. ಕಾನಸೂರಿಗೆ ಹೋದಾಗ ಆ ಪೆನ್‌ಡ್ರೈವ್ ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ಬರೀ ಕಸ. ಡಿಲೀಟ್ ಒತ್ತೋಕೆ ಬೆರಳು ಹೋಗಿತ್ತು, ಹಿಂದಿನಿಂದ ದೊಡ್ಡಪ್ಪ, "ಅಳ್ಸಡ ತಮಾ, ಅದು ನುಡೀಲಿ ಬರ್ದದ್ದು!"

ಹಾಗಾಗಿ ಈ ಸಲ ಇತಿಹಾಸದ ಕಂತು ರಾಜರದ್ದಲ್ಲ, ಒತ್ತಕ್ಷರದ್ದು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಹಳೇ ಪದ್ಧತಿಯಲ್ಲಿ ಒಂದು ಫಾಂಟಿಗೆ ಒಟ್ಟು 256 ಜಾಗ. ಇಂಗ್ಲಿಷಿಗೆ ಅದು ಧಾರಾಳ. ನಮಗೋ ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿದ್ರೆ ಸಾವಿರಗಟ್ಟಲೆ ರೂಪ. ಅದಕ್ಕೆ ಆಗಿನವರು ಅಕ್ಷರವನ್ನು ತುಂಡು ಮಾಡಿದ್ರು. ಕ ಅಂದ್ರೆ ಮೈ ಒಂದು, ತಲೆಕಟ್ಟು ಇನ್ನೊಂದು. ಆ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ರು. ಅಂದ್ರೆ ಫೈಲಿನೊಳಗೆ ಇರೋದು ಪಿ, ಮೇಲೆ ಕಾಣೋದು ಕ. ಯಕ್ಷಗಾನದ ವೇಷ ಇದ್ದ ಹಾಗೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ್ರೆ ವೇಷ ಕಳಚಿ ಪೌಂಡ್ ಚಿಹ್ನೆ ಹೊರಗೆ ಬರುತ್ತೆ. "ಕನ್ನಡ" ಅಂತ ಬರೆಯೋಕೆ ನುಡಿಯಲ್ಲಿ 7 ತುಂಡು ಬೇಕು.

ನಗಬೇಡಿ. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡವನ್ನು ಉಚ್ಚಾರದ ಕ್ರಮದಲ್ಲೇ ಟೈಪ್ ಮಾಡೋ ಕೀಲಿಮಣೆ ವಿನ್ಯಾಸ ಮಾಡಿದ್ರು. ಕೆ, ಎಫ್, ಮತ್ತೆ ಕೆ ಒತ್ತಿದ್ರೆ ಕ್ಕ. ಅಷ್ಟೇ. ಅವರ ತಂತ್ರಾಂಶಕ್ಕೆ ಸೇಡಿಯಾಪು ಅಂತ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಪುಕ್ಕಟೆ ಕೊಟ್ಟರು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ನಮ್ಮ ದೊಡ್ಡಪ್ಪ ಕಲಿತದ್ದು ಅದರಲ್ಲಿ.

ಇನ್ನೊಂದು ದಾರಿ ಯೂನಿಕೋಡ್. ಮೊದಲ ಆವೃತ್ತಿ 1991ರದ್ದು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರ ತನಕ, ಬರೀ 128 ಮನೆ. ಸಾಕಾ? ಸಾಕು! ಯಾಕಂದ್ರೆ ಅಲ್ಲಿ ಒತ್ತಕ್ಷರಕ್ಕೆ ನಂಬರೇ ಇಲ್ಲ. "ಕನ್ನಡ" ಅಂದ್ರೆ 3221, 3240, 3277, 3240, 3233. ನಡುವಿನ 3277 ಹಲಂತ. ಎರಡು ನ ಮಧ್ಯೆ ಅದು ಸಿಕ್ಕಿದ್ರೆ ಒಂದನ್ನು ಕೆಳಗಿಳಿಸಿ ಚಿತ್ರ ಬಿಡಿಸೋದು ಫಾಂಟಿನ ಕೆಲಸ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಅಂಥ ಫಾಂಟಿನ ಹೆಸರು ತುಂಗಾ. ನಮ್ಮ ಮಲೆನಾಡಿನ ಹೊಳೆ ಹೆಸರು, ಖುಷಿ ಅಲ್ವಾ?

ಅರಬ್ಬಿಯಲ್ಲೂ ಇದೇ ಕಥೆ. ಅಲ್ಲಿ ಹೆಚ್ಚಿನ ಅಕ್ಷರಗಳಿಗೆ ಪದದ ಮೊದಲು, ನಡುವೆ, ಕೊನೆ, ಒಂಟಿ ಅಂತ ನಾಲ್ಕು ರೂಪ. ಲಾಮ್ ಪಕ್ಕ ಅಲಿಫ್ ಬಂದ್ರೆ ಎರಡೂ ಹೆಣೆದುಕೊಂಡು ಒಂದಾಗುತ್ತೆ. ಹಳೇ ವ್ಯವಸ್ಥೆಗಳ ಜೊತೆ ಹೊಂದಲಿ ಅಂತ ಯೂನಿಕೋಡಿನಲ್ಲಿ ಆ ಒಂದೊಂದು ರೂಪಕ್ಕೂ ಬೇರೆ ನಂಬರ್ ಕೊಟ್ಟಿದ್ದಾರೆ, ಆದರೆ ಈಗ ಬರೆಯುವಾಗ ಮೂಲ ಅಕ್ಷರದ ನಂಬರನ್ನೇ ಬಳಸಬೇಕು. ನಮ್ಮದೇ ಜಿಲ್ಲೆಯ ಭಟ್ಕಳದ ನವಾಯತಿ ಭಾಷೆಯನ್ನು ಬರೆಯೋದು ಈ ಲಿಪಿ ಕುಟುಂಬದಲ್ಲೇ. ಘಟ್ಟದ ಮೇಲಿನ ತಲೆನೋವು, ಕೆಳಗಿನ ತಲೆನೋವು, ಎರಡಕ್ಕೂ ಒಂದೇ ಮದ್ದು.

ಕೋಡಿಂಗ್ ಕಲೀತಿರೋರು ಇದನ್ನು ಪರೀಕ್ಷೆ ಮಾಡಿ. "ಕಾನಸೂರು" ಕಣ್ಣಿಗೆ ನಾಲ್ಕು ಅಕ್ಷರ. ಪೈಥಾನ್ 7 ಅನ್ನುತ್ತೆ, ದೀರ್ಘ ಕೊಂಬುಗಳನ್ನೂ ಎಣಿಸುತ್ತಲ್ಲ. ಇನ್ನು ನಮ್ಮ ಬಿಕಾಂ ಕನಸು: ರ, ಹಲಂತ, ಯ ಹೊಡೆದ್ರೆ "ರ್ಯಾಂಕ್" ಅಂತ ಅರ್ಕಾವತ್ತು ಬರುತ್ತೆ. "ರ‍್ಯಾಂಕ್" ಬೇಕಂದ್ರೆ ರ ಆದಮೇಲೆ 8205 ಅನ್ನೋ ಕಾಣದ ಅಕ್ಷರ ಹಾಕಬೇಕು. ರ‍್ಯಾಂಕ್ ಬರೆಯೋದೇ ಇಷ್ಟು ಕಷ್ಟ, ತಗೊಳ್ಳೋದು ಬಿಡಿ.

ಸರಿ, ಅಜ್ಜಿ ಹಾಡು. ಪರಿವರ್ತಕ ನಾನೇ ಬರೀತೀನಿ ಅಂತ ಕೂತೆ. ಪಟ್ಟಿ ಮಾಡಿ, ಈ ತುಂಡಿಗೆ ಈ ನಂಬರ್ ಅಂತ ಬದಲಾಯಿಸಿದೆ. ಹಾಡು ಬಂತು! ಆದರೆ ಪಾರ್ವತಿ ಎಲ್ಲಾ ಕಡೆ "ಪಾವರ್ತಿ" ಆಗಿದ್ದಳು. ತಪ್ಪು ನನ್ನದೇ. ನುಡಿಯಲ್ಲಿ ಕಣ್ಣಿಗೆ ಕಾಣೋ ಕ್ರಮ: ಪಾ, ವ, ಆಮೇಲೆ ೯ರಂಥ ಅರ್ಕಾವತ್ತಿನ ಗುರುತು. ಯೂನಿಕೋಡಿನಲ್ಲಿ ಕಿವಿಗೆ ಕೇಳೋ ಕ್ರಮ: ರ್ ಮೊದಲು, ವ ಆಮೇಲೆ. ಅರ್ಕಾವತ್ತು ಸಿಕ್ಕಿದಲ್ಲೆಲ್ಲ ಹಿಂದಿನ ಅಕ್ಷರ ದಾಟಿಸಿ ಎಡಕ್ಕೆ ತರಬೇಕಿತ್ತು. ಹಿಂದಿನ ಅಕ್ಷರಕ್ಕೆ ಕೊಂಬೋ ಒತ್ತೋ ಇದ್ರೆ ಅದನ್ನೂ ದಾಟಿಸಬೇಕು. ಎರಡು ರಾತ್ರಿ ಹೋಯ್ತು.

ಕೊನೇ ಫೋಟೋ ಸರಿಯಾದ ಹಾಡು. ಫೋನಿನಲ್ಲಿ ತೋರಿಸಿದಾಗ ದೊಡ್ಡಪ್ಪ ಓದಲಿಲ್ಲ, ಹಾಡಿಯೇಬಿಟ್ರು. ಮೂರನೇ ಸಾಲಿನಲ್ಲಿ ನಿಲ್ಲಿಸಿ, "ಇಲ್ಲಿ ಅಬ್ಬೆ ಬೇರೆ ಹೇಳ್ತಿತ್ತು, ಆನೇ ತಪ್ಪು ಟೈಪ್ ಮಾಡಿದ್ದಿ" ಅಂದ್ರು. ಅದನ್ನು ಯಾವ ಪರಿವರ್ತಕವೂ ತಿದ್ದಲ್ಲ. ಈಗ ದಿನಾ ಸಂಜೆ ಅವರು ಹಾಡ್ತಾರೆ, ನಾನು ಸಾಲು ಸಾಲಾಗಿ ತಿದ್ದುತ್ತೀನಿ.

ನಿಮ್ಮನೇಲೂ ಇಂಥ ಪೌಂಡ್ ಚಿಹ್ನೆ ತುಂಬಿದ ಫೈಲ್ ಇದ್ರೆ ಅಳಿಸಬೇಡಿ, ಮೆಸೇಜ್ ಮಾಡಿ. ಪರಿವರ್ತಕ ಕಳಿಸ್ತೀನಿ.